ಅಂಗ್ಕೋರ್ ವಾಟ್‌ನ ಮೊಗಸಾಲೆಯಲ್ಲಿ: ಗುಂಪು ಪ್ರವಾಸದ ಒಂದು ದಿನ

ಕಾಂಬೋಡಿಯಾಕ್ಕೆ ಹೋಗುವ ಗುಂಪು ಪ್ರವಾಸಗಳಲ್ಲಿ ಪ್ರಾಚೀನ ದೇವಾಲಯಗಳ ತಾಣವಾದ ಅಂಗ್ಕೋರ್‌ಗೆಂದು ಹೆಚ್ಚಾಗಿ ಒಂದೇ ದಿನವನ್ನು ಮೀಸಲಿಡುತ್ತಾರೆ. ಸೂರ್ಯೋದಯ, ಅಂಗ್ಕೋರ್ ವಾಟ್, ಬಯೋನ್, ತಾ ಪ್ರೋಮ್ ಎಲ್ಲವೂ ಅದರೊಳಗೇ ಮುಗಿಯಬೇಕು. ಅಂಗ್ಕೋರ್ ವಾಟ್‌ನ ಸುತ್ತು ಮೊಗಸಾಲೆಯ ಉಬ್ಬುಶಿಲ್ಪಗಳನ್ನು ಸಾವಕಾಶವಾಗಿ ನೋಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿದ್ದುದರಿಂದ, ಹಿಂದಿನ ರಾತ್ರಿಯೇ ಟೂರ್ ಮ್ಯಾನೇಜರ್ ಅವರಲ್ಲಿ, "ಸರ್, ಗೋಪುರ ಹತ್ತುವ ಸರದಿಗೆ ನಾನು ಬರುವುದಿಲ್ಲ. ಆ ಹೊತ್ತನ್ನು ಮೊಗಸಾಲೆಯಲ್ಲಿ ಕಳೆದು, ಎಲ್ಲರೂ ಇಳಿಯುವ ವೇಳೆಗೆ ಮೆಟ್ಟಿಲ ಬಳಿ ಇರುತ್ತೇನೆ" ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಗುಂಪಿನಲ್ಲಿ ಸ್ವಲ್ಪ ಬಿಡುವು ಬೇಕಾದವರು ಬಸ್ಸಿನಲ್ಲಿ ಅವಸರದಿಂದ ಕೇಳುವುದಕ್ಕಿಂತ ಹೀಗೆ ಮುಂಚಿತವಾಗಿ ಕೇಳುವುದೇ ಮೇಲು.

ಕತ್ತಲಿರುವಾಗಲೇ ಹತ್ತಿರದ ಪಟ್ಟಣ ಸಿಯೆಮ್ ರೀಪ್‌ನಿಂದ ಬಸ್ಸು ಹೊರಟಿತು. ನಮ್ಮ ನಮ್ಮ ಭಾವಚಿತ್ರವಿರುವ ಟಿಕೆಟ್ಟನ್ನು ತೋರಿಸಿ, ಸುಮಾರು 190 ಮೀಟರ್ ಅಗಲದ ಕಂದಕವನ್ನು ದಾಟಿ ಒಳಹೋದೆವು. ಕೊಳದ ದಂಡೆಯ ಸೂರ್ಯೋದಯ ಚೆಂದವೇ ಸರಿ, ಆದರೆ ಅಲ್ಲಿನ ನೂಕುನುಗ್ಗಲಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ಈ ದೇವಾಲಯದ ಮುಖ ಪಶ್ಚಿಮಕ್ಕಿದೆ. ಒಳಹೊಕ್ಕು ಬಲಕ್ಕೆ ತಿರುಗಿದರೆ, ಗೋಡೆ ನಮ್ಮ ಎಡಗೈಗೆ ಬರುವಂತೆ ಅಪ್ರದಕ್ಷಿಣವಾಗಿ ಶಿಲ್ಪಗಳನ್ನು ನೋಡುತ್ತ ಸಾಗಬಹುದು. ಮೊದಲಿಗೇ ಕುರುಕ್ಷೇತ್ರ. ಎಡದಿಂದ ಕೌರವರು, ಬಲದಿಂದ ಪಾಂಡವರು ಸಾಲುಸಾಲಾಗಿ ಬಂದು ನಡುವೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಶರಶಯ್ಯೆಯ ಮೇಲಿನ ಭೀಷ್ಮರನ್ನು ನಮ್ಮ ಕಡೆಯವರು ಯಾರ ನೆರವೂ ಇಲ್ಲದೆ ಗುರುತಿಸಬಲ್ಲರು. ದಕ್ಷಿಣದ ಮೊಗಸಾಲೆಯಲ್ಲಿ ದೇವಾಲಯವನ್ನು ಕಟ್ಟಿಸಿದ ಎರಡನೆಯ ಸೂರ್ಯವರ್ಮನ್ ಕೊಡೆಗಳ ನೆರಳಿನಲ್ಲಿ ಒಡ್ಡೋಲಗದಲ್ಲಿದ್ದಾನೆ. ಇತ್ತ ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ, ಅತ್ತ ಈ ದೊರೆ ಪಟ್ಟವೇರಿ ಕೆಲವೇ ವರ್ಷಗಳಾಗಿದ್ದವು. ಇಬ್ಬರ ದೇವಾಲಯಗಳೂ ವಿಷ್ಣುವಿನವೇ ಎಂಬುದನ್ನು ನೆನೆದು ನನಗೆ ಬಹಳ ಸಂತೋಷವಾಯಿತು. ಮುಂದೆ ಕೋಣವನ್ನೇರಿದ ಯಮ, ಚಿತ್ರಗುಪ್ತ, ಸ್ವರ್ಗ ನರಕಗಳು.

ಪೂರ್ವದ ಮೊಗಸಾಲೆಯ ಸಮುದ್ರಮಥನಕ್ಕಾಗಿಯೇ ನಾನು ಹೆಚ್ಚಿನ ಸಮಯವನ್ನು ಉಳಿಸಿಕೊಂಡಿದ್ದೆ. ಸುಮಾರು 49 ಮೀಟರ್ ಉದ್ದದ ಈ ಫಲಕದಲ್ಲಿ ಒಂದೆಡೆ 92 ಅಸುರರು, ಇನ್ನೊಂದೆಡೆ 88 ದೇವತೆಗಳು ವಾಸುಕಿಯನ್ನು ಎಳೆಯುತ್ತಿದ್ದಾರೆ. ಮಧ್ಯದಲ್ಲಿ ವಿಷ್ಣು, ಕೆಳಗೆ ಕೂರ್ಮ, ಮೇಲೆ ಹಾರುವ ಅಪ್ಸರೆಯರು. ಬಾಲದ ತುದಿಯನ್ನು ಹಿಡಿದವನೊಬ್ಬ ಕಪಿವೀರ! ನಾವು ಕೇಳಿದ ಕತೆಯಲ್ಲಿ ಇಲ್ಲದ ಅವನ ಮುಂದೆ ನಾನು ಬಹಳ ಹೊತ್ತು ನಿಂತೆ. ಮೊದಲು ದೂರದಿಂದ ಇಡೀ ಫಲಕವನ್ನು ನೋಡಿ, ಬಳಿಕ ಹತ್ತಿರ ಹೋಗಿ ಒಂದೊಂದೇ ಮುಖವನ್ನು ನೋಡಿದರೆ ಎಳೆತದ ಲಯ ಮನಸ್ಸಿಗೆ ನಿಲ್ಲುತ್ತದೆ.

ಮಧ್ಯಾಹ್ನ ಏಳನೆಯ ಜಯವರ್ಮನ್ ಕಟ್ಟಿಸಿದ ಬಯೋನ್ ದೇವಾಲಯದ, ದೊಡ್ಡ ಮುಖಗಳನ್ನು ಕೆತ್ತಿದ ಗೋಪುರಗಳನ್ನೂ, ಮರದ ಬೇರುಗಳು ಗೋಡೆಗಳನ್ನು ಅಪ್ಪಿಕೊಂಡಿರುವ ತಾ ಪ್ರೋಮನ್ನೂ ಗುಂಪಿನೊಡನೆ ನೋಡಿದೆ. ತಾ ಪ್ರೋಮ್‌ನ ಜೀರ್ಣೋದ್ಧಾರದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ದುಡಿದಿದೆ.

ಹಿರಿಯರನ್ನು ಕರೆದೊಯ್ಯುವವರಿಗೆ ಒಂದು ಮಾತು: ಗೋಪುರದ ಮೆಟ್ಟಿಲುಗಳು ಬಹಳ ಕಡಿದಾಗಿವೆ, ಈ ಶಿಲ್ಪಗಳಿರುವ ಮೊಗಸಾಲೆಯಾದರೋ ಕೆಳಗಿನ ಹಂತದಲ್ಲೇ ಇದ್ದು, ಅದಕ್ಕೆ ಮಾಡಿನ ನೆರಳೂ ಇದೆ.