ಟೆನರ್‌ಗಳ ಹಾಳೆಯಲ್ಲಿ ಇರದ ರಿಟ್

ನಮ್ಮ ಚರ್ಚಿನ ಕಾಯರ್‌ನಲ್ಲಿ ನಾವು 22 ಮಂದಿ. ನಾನು ಬೇಸ್ (ಗಂಡಸರ ಕೆಳದನಿ) ಹಾಡುತ್ತೇನೆ. ಸ್ಕೋರ್, ಅಂದರೆ ಎಲ್ಲ ದನಿಗಳ ಸ್ವರಲಿಪಿ, ಟೈಪ್ ಮಾಡುವ ಕೆಲಸವೂ ನನ್ನದೇ. ಜೆರಾಕ್ಸಿನ ಮೇಲೆ ಜೆರಾಕ್ಸ್ ಆಗಿ ಹಳೆಯ ಹಾಳೆಗಳು ಓದಲಾಗದ ಸ್ಥಿತಿಗೆ ಬಂದಿದ್ದವು. ಆಗ ಮನೆಯ ಕಂಪ್ಯೂಟರಿಗೆ ಮ್ಯೂಸ್‌ಸ್ಕೋರ್ ಅನ್ನುವ ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಹಾಕಿಕೊಂಡೆ. ಅದು ಉಚಿತ, ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ನೋಟ್ ಹಾಕುವುದು, ಕೆಳಗೆ ಸಾಹಿತ್ಯ ಕೂಡಿಸುವುದು ಒಂದೆರಡು ವಾರದಲ್ಲಿ ಕೈಗೆ ಬಂತು. ಟೆಂಪೊ (ವೇಗದ) ಗುರುತುಗಳನ್ನು ಮಾತ್ರ ತುಂಬಾ ದಿನ ತಪ್ಪಾಗಿಯೇ ಹಾಕುತ್ತಿದ್ದೆ.

ತಪ್ಪು ಗೊತ್ತಾಗಿದ್ದು ಮೊಜಾರ್ಟ್‌ನ 'ಆವೆ ವೇರುಂ ಕೊರ್ಪುಸ್' ಕಲಿಯುವಾಗ. ಮೂಲದಲ್ಲಿ ರಿಟ್, ಅಂದರೆ ಕ್ರಮೇಣ ನಿಧಾನ ಮಾಡು ಅನ್ನುವ ಗುರುತು, ಇಲ್ಲ. ಆದರೆ ದನಿಗಳು ಮುಗಿಯುವ ಕಡೆ ಸ್ವಲ್ಪ ನಿಧಾನ ಆಗಬೇಕು ಅಂತ ನಮ್ಮ ಕಂಡಕ್ಟರ್ ಬಯಸಿದರು. ನಾನು ಸೊಪ್ರಾನೊ (ಹೆಂಗಸರ ಮೇಲ್ದನಿ) ಸ್ಟಾಫಿನ, ಅಂದರೆ ಐದು ಗೆರೆಯ ಸಾಲಿನ, ಮೇಲೆ ಕಂಟ್ರೋಲ್-ಟಿ ಒತ್ತಿ 'ರಿಟ್' ಅಂತ ಬರೆದೆ. ಪೂರ್ತಿ ಸ್ಕೋರಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಕಾಗದ ಉಳಿಸಲು ಟೆನರ್ (ಗಂಡಸರ ಮೇಲ್ದನಿ), ಬೇಸ್‌ನವರಿಗೆ ಅವರವರ ಪಾರ್ಟ್, ಅಂದರೆ ಅವರ ದನಿಯ ಸಾಲು, ಮಾತ್ರ ಪ್ರಿಂಟ್ ಹಾಕಿದ್ದೆ. ಪ್ರ್ಯಾಕ್ಟೀಸಿನಲ್ಲಿ ಹೆಂಗಸರು ನಿಧಾನ ಮಾಡಿದರು. ಗಂಡಸರು ಅದೇ ವೇಗದಲ್ಲಿ ಮುಂದೆ ಹೋಗಿಬಿಟ್ಟರು. ಎರಡನೇ ಸಲವೂ ಹಾಗೇ ಆಯ್ತು. ಒಬ್ಬ ಟೆನರ್ ಹಾಳೆ ಎತ್ತಿ ತೋರಿಸಿದರು: "ಅಣ್ಣ, ಇಲ್ಲಿ ಏನೂ ಬರೆದೇ ಇಲ್ವಲ್ಲ." ನಿಜ, ಅಲ್ಲಿ ಏನೂ ಇರಲಿಲ್ಲ.

ಕಂಟ್ರೋಲ್-ಟಿ ಕೊಡುವುದು ಸ್ಟಾಫ್ ಟೆಕ್ಸ್ಟ್. ಯಾವ ಸ್ಟಾಫಿಗೆ ಬರೆದೆವೋ ಅದು ಆ ಸ್ಟಾಫಿನದು ಮಾತ್ರ. ಟೆಂಪೊ ಹಾಗಲ್ಲ, ಅದು ಎಲ್ಲರದ್ದು. ಸೊಪ್ರಾನೊ ಮೇಲೆ ಕಾಣುವುದು ಆ ಸಾಲು ಎಲ್ಲಕ್ಕಿಂತ ಮೇಲಿದೆ ಅನ್ನುವ ಕಾರಣಕ್ಕೆ ಅಷ್ಟೇ. ಈಗ ನೋಟ್ ಆರಿಸಿ ಆಲ್ಟ್-ಶಿಫ್ಟ್-ಟಿ ಒತ್ತುತ್ತೇನೆ. ಹಾಗೆ ಹಾಕಿದ ಟೆಂಪೊ ಪ್ರತಿ ಪಾರ್ಟ್‌ನಲ್ಲೂ ತಾನಾಗಿ ಬರುತ್ತದೆ, ಸಾಫ್ಟ್‌ವೇರ್ ನುಡಿಸಿ ಕೇಳಿಸುವ ಪ್ಲೇಬ್ಯಾಕ್ ಕೂಡ ಅದನ್ನೇ ಅನುಸರಿಸುತ್ತದೆ. ರಿಟ್‌ಗೆ, ಕ್ರಮೇಣ ವೇಗ ಹೆಚ್ಚಿಸು ಅನ್ನುವ ಆಕ್ಸೆಲ್‌ಗೆ ಟೆಂಪೊ ಪ್ಯಾಲೆಟ್‌ನಲ್ಲಿ ಗೆರೆಯ ಜೊತೆಗಿನ ಗುರುತೇ ಇದೆ. 4ನೇ ಆವೃತ್ತಿಯಿಂದ ಅದು ನಿಜವಾಗಿಯೂ ವೇಗ ಬದಲಾಯಿಸುತ್ತದೆ. ಎಲ್ಲಿಯವರೆಗೆ ನಿಧಾನ ಅನ್ನುವುದನ್ನು ಗೆರೆಯೇ ತೋರಿಸುತ್ತದೆ, ಸಾಲು ಮುರಿದರೆ ಮುಂದಿನ ಸಾಲಿಗೂ ಹರಿಯುತ್ತದೆ.

ಇನ್ನೊಂದು ಕೆಟ್ಟ ಅಭ್ಯಾಸ ಇತ್ತು. ಗುರುತನ್ನು ಬಾರಿನ (ತಾಳದ ಒಂದು ಆವರ್ತದ) ಮೊದಲ ನೋಟಿಗೆ ಹಾಕಿ, ಆಮೇಲೆ ಮೌಸ್‌ನಿಂದ ಮೂರನೇ ಬೀಟಿನ ತನಕ ಎಳೆದುಬಿಡುತ್ತಿದ್ದೆ. ಕಣ್ಣಿಗೆ ಸರಿ. ಆದರೆ ಸಾಫ್ಟ್‌ವೇರ್ ಪ್ರಕಾರ ಅದು ಇನ್ನೂ ಮೊದಲ ಬೀಟಿಗೇ ಕಟ್ಟಿಕೊಂಡಿದೆ. ಕಾಗದದ ಅಳತೆ ಬದಲಾಯಿಸಿದಾಗ ಬಾರ್‌ಗಳ ಅಗಲ ಬದಲಾಯ್ತು, ರಿಟ್ ಬೇರೆ ಪದದ ಮೇಲೆ ಹೋಗಿ ಕೂತಿತು. ಹಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಅವರು ಬೀಟ್ ಎಣಿಸುವುದಕ್ಕಿಂತ ಜಾಸ್ತಿ ಪದ ನೋಡುತ್ತಾರೆ. ಯಾವ ಅಕ್ಷರದ ಮೇಲೆ ಗುರುತು ಇದೆಯೋ ಅಲ್ಲಿಂದಲೇ ನಿಧಾನ ಮಾಡುತ್ತಾರೆ. ಹಾಗಾಗಿ ಗುರುತಿನ ಎಡ ಅಂಚು ಆ ನೋಟಿನ ನೇರಕ್ಕೇ ಇರಬೇಕು. ಹಾಡಿನ ಆರಂಭದ ಟೆಂಪೊ ಆದರೆ ಟೈಮ್ ಸಿಗ್ನೇಚರ್‌ನ (ತಾಳದ ಗುರುತಿನ) ನೇರಕ್ಕೆ.

ಅಂಕಿಯ ವಿಷಯಕ್ಕೆ ಬಂದರೆ, ಮೊಜಾರ್ಟ್ ಈ ಹಾಡು ಬರೆದಿದ್ದು 1791ರಲ್ಲಿ. ಮೆಲ್ಜೆಲ್ ಅನ್ನುವವನು ನಿಮಿಷಕ್ಕೆ ಇಷ್ಟು ಬೀಟ್ ಅಂತ ಬಡಿಯುವ ತನ್ನ ಮೆಟ್ರೊನೋಮ್‌ಗೆ ಪೇಟೆಂಟ್ ಪಡೆದಿದ್ದು 1815ರಲ್ಲಿ. ಹಾಗಾಗಿ ಮೊಜಾರ್ಟ್ ಕೊಟ್ಟಿದ್ದು 'ಅಡಾಜಿಯೊ' (ನಿಧಾನವಾಗಿ) ಅನ್ನುವ ಒಂದೇ ಪದ. ಅದರ ಪಕ್ಕ ಅಂಕಿ ಇದ್ದರೆ ಯಾರೋ ಆಮೇಲೆ ಸೇರಿಸಿದ್ದು. ನಾನು ಸೇರಿಸುವಾಗ ಚೌಕ ಕಂಸದಲ್ಲಿ ಹಾಕುತ್ತೇನೆ. ಯಾವುದು ಮೊಜಾರ್ಟ್‌ನದು, ಯಾವುದು ನಮ್ಮದು ಅನ್ನುವುದು ಹಾಡುವವರಿಗೆ ಗೊತ್ತಿರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ನಮ್ಮ ರಿಟ್‌ಗೂ ಇದೇ ನಿಯಮ.

ಅಂಕಿ ಹಾಕುವಾಗ ಯಾವ ನೋಟಿಗೆ ಅನ್ನುವುದನ್ನೂ ನೋಡಬೇಕು. ಈ ಹಾಡು ಆಲಾ ಬ್ರೆವೆ, ಅಂದರೆ ಬಾರಿಗೆ ಎರಡು ಮಿನಿಮ್ (ಅರ್ಧ ನೋಟ್) ಬೀಟ್. ಒಟ್ಟು 46 ಬಾರ್, ಅಂದರೆ 92 ಮಿನಿಮ್. ನಿಮಿಷಕ್ಕೆ 30 ಮಿನಿಮ್ ಇಟ್ಟರೆ ಮೂರು ನಿಮಿಷ ಚಿಲ್ಲರೆ. ನಾನು ಮೊದಲು ಮಿನಿಮ್‌ಗೆ 60 ಹಾಕಿದ್ದೆ. ಮಿನಿಮ್‌ನ ಅರ್ಧದಷ್ಟಿರುವ ಕ್ರಾಚೆಟ್‌ಗೆ ಸರಿಯಾದ ಅಂಕಿ ಅದು. ಪ್ಲೇಬ್ಯಾಕ್ ಒಂದೂವರೆ ನಿಮಿಷದಲ್ಲಿ ಮುಗಿಯಿತು, ಪ್ರಾರ್ಥನೆ ಓಡಿದ ಹಾಗಿತ್ತು. ಅಂದಿನಿಂದ ಯಾವ ಹಾಡಿಗಾದರೂ ಮೊದಲು ಬಾರ್ ಎಣಿಸಿ ಒಟ್ಟು ಸಮಯ ಲೆಕ್ಕ ಹಾಕುತ್ತೇನೆ.

ಸೊಪ್ರಾನೊ ಸ್ಟಾಫಿನ ಮೇಲೆ ಜಾಗಕ್ಕೆ ತುಂಬಾ ಜಗಳ. ಕೆಳಗೆ ಸಾಹಿತ್ಯ ಇರುವುದರಿಂದ ಕಾಯರ್ ಸ್ಕೋರಿನಲ್ಲಿ ಪಿಯಾನೊ (ಮೆಲ್ಲಗೆ), ಫೋರ್ಟೆ (ಜೋರಾಗಿ) ಅನ್ನುವ ಡೈನಾಮಿಕ್ಸ್ ಎಲ್ಲ ಮೇಲೇ ಬರಬೇಕು. ಪ್ರ್ಯಾಕ್ಟೀಸಿನಲ್ಲಿ ಜಾಗ ಹೇಳಲು ಹಾಕುವ ರಿಹರ್ಸಲ್ ಅಕ್ಷರವೂ ಅಲ್ಲೇ. ನಾನು ಡೈನಾಮಿಕ್ಸ್ ಸ್ಟಾಫಿಗೆ ಹತ್ತಿರ, ಟೆಂಪೊ ಎಲ್ಲಕ್ಕಿಂತ ಮೇಲೆ, ದಪ್ಪ ನೇರ ಅಕ್ಷರದಲ್ಲಿ ಇಡುತ್ತೇನೆ. ಒಂದೊಂದನ್ನೇ ಎಳೆಯುವ ಬದಲು ಸ್ಟೈಲ್‌ನಲ್ಲಿ ಒಮ್ಮೆ ದೂರ ಬದಲಾಯಿಸಿದರೆ ಇಡೀ ಸ್ಕೋರಿಗೆ ಅನ್ವಯ ಆಗುತ್ತದೆ.

ಆರ್ಗನ್ ನುಡಿಸುವ ಅಕ್ಕನ ತೊಂದರೆಯೇ ಬೇರೆ. ನಾಲ್ಕು ದನಿ, ಕೆಳಗೆ ಆರ್ಗನ್ನಿನ ಎರಡು ಸ್ಟಾಫ್. ದನಿಗಳು ಸುಮ್ಮನಿರುವ ಕಡೆ 'ಎ ಟೆಂಪೊ' (ಮತ್ತೆ ಮೊದಲಿನ ವೇಗಕ್ಕೆ) ಬೇಕಾಗಿರುವುದು ಅವರೊಬ್ಬರಿಗೇ. ಆದರೆ ಅದು ನಾಲ್ಕು ಸ್ಟಾಫ್ ಮೇಲೆ, ಸೊಪ್ರಾನೊ ವಿರಾಮದ ತಲೆಯ ಮೇಲೆ ಇರುತ್ತದೆ. ಕೀಬೋರ್ಡ್ ನೋಡುವ ಕಣ್ಣು ಅಲ್ಲಿಗೆ ಹೋಗೋದಿಲ್ಲ. ಮೊದಲು ಅವರು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ಹೊಸ ಆವೃತ್ತಿಗಳಲ್ಲಿ ಈ ಗುರುತುಗಳನ್ನು ಬೇರೆ ಸ್ಟಾಫಿನ ಮೇಲೂ ತೋರಿಸುವ ಸೌಲಭ್ಯ ಬಂದಿದೆ. ಈಗ ಆರ್ಗನ್ ಮೇಲೂ ಅಚ್ಚಾಗುತ್ತವೆ.

ಕನ್ನಡ ಗೀತೆಗಳಿಗೆ ನಾನು 'ನಿಧಾನವಾಗಿ', 'ಲವಲವಿಕೆಯಿಂದ' ಅಂತಲೇ ಬರೆಯುತ್ತೇನೆ. ಸಾಹಿತ್ಯ ಕನ್ನಡದಲ್ಲಿರುವಾಗ ಇಟಾಲಿಯನ್ ಯಾಕೆ, ಅಲ್ವಾ? ಸಾಫ್ಟ್‌ವೇರಿನ ಮೂಲ ಫಾಂಟಿನಲ್ಲಿ ಕನ್ನಡ ಅಕ್ಷರ ಇಲ್ಲ. ಟೆಂಪೊ ಸ್ಟೈಲ್‌ನಲ್ಲಿ ನೋಟೊ ಸೆರಿಫ್ ಕನ್ನಡ ಆರಿಸಿಕೊಂಡಿದ್ದೇನೆ. ಕನ್ನಡ ಪದದಿಂದ ಪ್ಲೇಬ್ಯಾಕ್‌ಗೆ ವೇಗ ತಿಳಿಯುವುದಿಲ್ಲ. ಹಾಗಾಗಿ ಬರೆದ ಟೆಂಪೊ ಅನುಸರಿಸು ಅನ್ನುವ ಟಿಕ್ ತೆಗೆದು ಅಂಕಿ ಕೈಯಾರೆ ಕೊಡುತ್ತೇನೆ.

ಎಲ್ಲ ಮುಗಿದ ಮೇಲೆ ಟೆನರ್ ಪಾರ್ಟ್ ಒಂದನ್ನೇ ಪ್ರಿಂಟ್ ಮಾಡಿ, ಸ್ಕೋರ್ ಮುಚ್ಚಿಟ್ಟು, ಒಬ್ಬನೇ ಹಾಡಿ ನೋಡುತ್ತೇನೆ. ಮೊದಲ ಪ್ರ್ಯಾಕ್ಟೀಸ್ ಆದಮೇಲೆ ಎಲ್ಲರ ಹಾಳೆ ವಾಪಸ್ ತಗೊಂಡು ಪೆನ್ಸಿಲ್ ಗುರುತುಗಳನ್ನು ಓದುತ್ತೇನೆ. ಒಂದೇ ಜಾಗದಲ್ಲಿ ಮೂರು ಜನ ಏನಾದರೂ ಬರೆದುಕೊಂಡಿದ್ದರೆ, ಅಲ್ಲಿ ನಾನು ಹಾಕಬೇಕಾಗಿದ್ದ ಗುರುತು ಬಿಟ್ಟುಹೋಗಿದೆ ಅಂತ ತಿಳಿದು ಅದೇ ರಾತ್ರಿ ಫೈಲ್ ತಿದ್ದುತ್ತೇನೆ.