ನಾಲ್ಕು ಹೆಣ್ಣು ಕುದುರೆ ಇಟ್ಟುಕೊಂಡು ಕ್ರೀಡಾ ಕುದುರೆ ಬೆಳೆಸುವುದು ಹೇಗೆ

ಕುದುರೆ ಸಾಕುತ್ತೇವೆ ಅಂದ ಕೂಡಲೇ ಊರಿನವರು ಕೇಳುವ ಮೊದಲ ಮಾತು, "ರೇಸಿಗಾ?" ರೇಸಿಗಲ್ಲ. ಕುಣಿಗಲ್‌ನಲ್ಲಿ ಬೆಳೆಸುವುದು ರೇಸಿನ ಥರೋಬ್ರೆಡ್. ನಮ್ಮದು ಜರ್ಮನಿಯ ಹಾನೋವರ್ ತಳಿ. ಅಡೆತಡೆ ಹಾರುವುದು, ಸವಾರನ ಸನ್ನೆಗೆ ಹೆಜ್ಜೆ ಹಾಕುವ ಡ್ರೆಸಾಜ್, ಇವೆರಡರ ಜೊತೆ ಬಯಲಿನ ಓಟವೂ ಇರುವ ಈವೆಂಟಿಂಗ್, ಇಂಥ ಆಟಗಳಿಗೆ ಬೇಕಾದ ಕುದುರೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಈವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದರಲ್ಲ, ಆ ಆಟ.

ನಾನು ಚನ್ನರಾಯಪಟ್ಟಣದ ಕಡೆಯವಳು. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಬೆಳೆದೆ. ಮದುವೆಯಾಗಿ ಬಂದಿದ್ದು ಉತ್ತರ ಜರ್ಮನಿಯ ಫೆರ್ಡೆನ್ ಹತ್ತಿರದ ಹಳ್ಳಿಗೆ. ಇಲ್ಲಿ ಅತ್ತೆ, ನಮ್ಮನೆಯವರು, ನಾನು ಮೂವರೇ ಸೇರಿ ನಾಲ್ಕು ಹೆಣ್ಣು ಕುದುರೆ ನೋಡಿಕೊಳ್ಳುತ್ತೇವೆ. ವರ್ಷಕ್ಕೆ ಎರಡೋ ಮೂರೋ ಮರಿ. ಇಷ್ಟು ಚಿಕ್ಕ ಪ್ರಮಾಣದಲ್ಲಿ ಇದನ್ನು ಮಾಡಲು ಹೊರಟವರಿಗೆ ನಾನು ಹೇಳುವುದು ಒಂದೇ: ಇರುವ ಹಣವನ್ನು ಹೆಣ್ಣು ಕುದುರೆಯ ಮೇಲೆ ಹಾಕಿ.

ಗಂಡು ಕುದುರೆ ಸಾಕುವ ಆಸೆ ಬೇಡ. ಅದಕ್ಕೆ ಬೇರೆ ಲಾಯ, ಬೇರೆ ಬೇಲಿ, ಗಟ್ಟಿ ಆಳು ಬೇಕು. ರೇಸ್ ಕುದುರೆಗಳಲ್ಲಿ ಗಂಡು ಹೆಣ್ಣನ್ನು ನೇರವಾಗಿ ಸೇರಿಸಲೇಬೇಕು ಅನ್ನುವ ನಿಯಮವಿದೆ. ಕ್ರೀಡಾ ಕುದುರೆಗಳಲ್ಲಿ ಹಾಗಿಲ್ಲ, ನಮ್ಮ ಹಸುಗಳಿಗೆ ಮಾಡಿಸುವಂತೆ ಕೃತಕ ಗರ್ಭಧಾರಣೆ ಮಾಡಿಸಬಹುದು. ಸೆಲ್ಲೆ ಪಟ್ಟಣದಲ್ಲಿ 1735ರಲ್ಲಿ ಶುರುವಾದ ಸರ್ಕಾರಿ ಕುದುರೆ ಕೇಂದ್ರ ಇದೆ. ಅಲ್ಲಿನ ಒಳ್ಳೊಳ್ಳೆ ಗಂಡು ಕುದುರೆಗಳ ಬೀಜ, ಅಂದರೆ ವೀರ್ಯ, ಚಿಕ್ಕ ರೈತನಿಗೂ ಸಿಗುತ್ತದೆ. ಹೀಗಾಗಿ ತಂದೆಯ ವಿಷಯದಲ್ಲಿ ದೊಡ್ಡವರಿಗೂ ನಮಗೂ ವ್ಯತ್ಯಾಸ ಕಡಿಮೆ. ವ್ಯತ್ಯಾಸ ಇರುವುದು ತಾಯಿಯಲ್ಲಿ.

ತಾಯಿ ಕುದುರೆ ಆರಿಸುವುದು

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಮಾರುವವರು ಕುದುರೆಯ ತಂದೆಯ ಹೆಸರನ್ನೇ ಜೋರಾಗಿ ಹೇಳುತ್ತಾರೆ. ನೀವು ಅದರ ತಾಯಿಯನ್ನು ಕೇಳಿ. ಆ ತಾಯಿಯ ಬೇರೆ ಮಕ್ಕಳು ಏನಾದವು? ಸ್ಪರ್ಧೆಯಲ್ಲಿ ಎಷ್ಟು ವರ್ಷ ನಿಂತವು? ಕಾಲು ನೋವಿಲ್ಲದೆ ಹದಿನಾಲ್ಕು ಹದಿನೈದು ವಯಸ್ಸಿನವರೆಗೆ ಓಡಾಡಿದ ಅಕ್ಕತಂಗಿಯರಿದ್ದರೆ ಅದು ಯಾವ ಪದಕಕ್ಕಿಂತಲೂ ಜಾಸ್ತಿ. ಸ್ವಭಾವವನ್ನೂ ನೋಡಿ. ಮರಿ ಮೊದಲ ಆರು ತಿಂಗಳು ತಾಯಿಯ ಪಕ್ಕದಲ್ಲೇ ಇರುತ್ತದೆ. ಮನುಷ್ಯರನ್ನು ಕಂಡರೆ ಹೆದರುವ ತಾಯಿ ಆ ಹೆದರಿಕೆಯನ್ನು ಮರಿಗೂ ಕಲಿಸುತ್ತದೆ.

ಮೊದಲ ಸಲ ಕೊಳ್ಳುವವರು ಎಂಟರಿಂದ ಹನ್ನೆರಡು ವಯಸ್ಸಿನ, ಆಗಲೇ ಎರಡು ಮೂರು ಮರಿ ಸಲೀಸಾಗಿ ಹಾಕಿರುವ ಕುದುರೆ ಹುಡುಕಿ. ಸ್ಪರ್ಧೆ ಮುಗಿಸಿದ ಹದಿನಾರರ ಕುದುರೆ, ಒಂದೂ ಮರಿ ಹಾಕಿಲ್ಲದ್ದು, ಅಗ್ಗಕ್ಕೆ ಸಿಗಬಹುದು. ಆದರೆ ಅಂಥವು ಗಬ್ಬ ಕಟ್ಟುವುದು ಕಷ್ಟ. ದುಡ್ಡು ಕೊಡುವ ಮೊದಲು ಡಾಕ್ಟರ್ ಹತ್ತಿರ ಗರ್ಭಕೋಶದ ಸ್ಕ್ಯಾನ್, ಸೋಂಕಿನ ಪರೀಕ್ಷೆ ಎರಡನ್ನೂ ಮಾಡಿಸಿ.

ಗಂಡು ಆರಿಸುವಾಗ ಫ್ಯಾಷನ್ ಹಿಂದೆ ಹೋಗಬೇಡಿ. ನಿಮ್ಮ ಕುದುರೆಯ ಒಂದು ಕೊರತೆಯನ್ನು ಹಿಡಿದುಕೊಳ್ಳಿ, ಅದನ್ನು ಸರಿಮಾಡುವ ಗಂಡನ್ನು ಹುಡುಕಿ. ಉದ್ದ ಬೆನ್ನಿನದಕ್ಕೆ ಗಿಡ್ಡ ಬೆನ್ನಿನದನ್ನು ಕೂಡಿಸಿದರೆ ಹದವಾದ ಬೆನ್ನು ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಗಂಡಿನ ಬೆನ್ನು ಗಿಡ್ಡವಲ್ಲ, ಹದವಾಗಿಯೇ ಇರಬೇಕು. ವಿಡಿಯೋದಲ್ಲಿ ಆ ಗಂಡನ್ನು ನೋಡುವುದಕ್ಕಿಂತ ಅದಕ್ಕೆ ಹುಟ್ಟಿದ ಮರಿಗಳನ್ನು ಹೋಗಿ ನೋಡಿ. ಒಂದು ರಕ್ತ ಪರೀಕ್ಷೆಯನ್ನಂತೂ ಬಿಡಲೇಬೇಡಿ. ಡಬ್ಲ್ಯೂಎಫ್ಎಫ್ಎಸ್ (ವಾರ್ಮ್‌ಬ್ಲಡ್ ಫ್ರಜೈಲ್ ಫೋಲ್ ಸಿಂಡ್ರೋಮ್) ಅನ್ನುವ ಕಾಯಿಲೆಯ ವಂಶವಾಹಿ ಈ ತಳಿಗಳಲ್ಲಿ ಇದೆ. ಹೊತ್ತಿರುವ ಕುದುರೆ ಆರೋಗ್ಯವಾಗಿಯೇ ಇರುತ್ತದೆ. ಆದರೆ ತಂದೆ ತಾಯಿ ಇಬ್ಬರೂ ಹೊತ್ತಿದ್ದರೆ ನಾಲ್ಕರಲ್ಲಿ ಒಂದು ಮರಿಗೆ ಚರ್ಮ ಹರಿದು ಹೋಗುವ ಆ ಕಾಯಿಲೆ ಬರಬಹುದು, ಅದು ಬದುಕುವುದಿಲ್ಲ. ಪರೀಕ್ಷೆಗೆ ಕೂದಲು ಕಳಿಸಿದರೂ ಸಾಕು.

ಬೆದೆ, ಬೀಜ, ಸ್ಕ್ಯಾನ್

ಹಗಲು ಉದ್ದವಾದಾಗ ಕುದುರೆ ಬೆದೆಗೆ ಬರುತ್ತದೆ. ಸುಮಾರು 21 ದಿನಕ್ಕೊಮ್ಮೆ, ಐದರಿಂದ ಏಳು ದಿನ ಇರುತ್ತದೆ. ಗಬ್ಬ ಹನ್ನೊಂದು ತಿಂಗಳು. ರೇಸಿನವರು ಜನವರಿಯಲ್ಲೇ ಮರಿ ಬೇಕೆಂದು ಚಳಿಗಾಲದಲ್ಲಿ ಲಾಯಕ್ಕೆ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ನಮಗೆ ಆ ಆತುರ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮರಿ ಬಂದರೆ ಆಗ ತಾನೇ ಚಿಗುರಿದ ಹುಲ್ಲು ತಾಯಿಗೆ ಸಿಗುತ್ತದೆ, ಹಾಲು ಚೆನ್ನಾಗಿ ಇಳಿಯುತ್ತದೆ.

ಬೀಜ ಎರಡು ಬಗೆ. ತಂಪು ಮಾಡಿ ಕಳಿಸಿದ್ದು ಒಂದೆರಡು ದಿನ ಬಾಳುತ್ತದೆ. ಹೆಪ್ಪುಗಟ್ಟಿಸಿದ್ದು ವರ್ಷಗಟ್ಟಲೆ ಇರುತ್ತದೆ, ಆದರೆ ಒಳಗೆ ಹೋದ ಮೇಲೆ ಅದರ ಆಯಸ್ಸು ಕೆಲವೇ ಗಂಟೆ. ಅಂಡ ಬಿಡುಗಡೆಯಾಗಿ ಆರು ಗಂಟೆಯೊಳಗೆ ಹಾಕಬೇಕು. ಅದಕ್ಕಾಗಿ ರಾತ್ರಿಯೂ ಸೇರಿ ಆರಾರು ಗಂಟೆಗೆ ಸ್ಕ್ಯಾನ್. ಡಾಕ್ಟರ್ ದೂರ ಇದ್ದರೆ ಇದು ನಡೆಯುವುದಿಲ್ಲ. ಚಿಕ್ಕ ಫಾರ್ಮಿಗೆ ತಂಪು ಬೀಜವೇ ಸರಿ. ಸ್ಕ್ಯಾನಿನಲ್ಲಿ ಅಂಡಕೋಶದ ಗುಳ್ಳೆ 35 ಮಿಲಿಮೀಟರ್ ದಾಟಿದಾಗ ಡಾಕ್ಟರ್ ಇಂಜೆಕ್ಷನ್ ಕೊಡುತ್ತಾರೆ. ಹೆಚ್ಚುಕಮ್ಮಿ ಒಂದೂವರೆ ದಿನಕ್ಕೆ ಅಂಡ ಬಿಡುಗಡೆ. ಆ ಲೆಕ್ಕ ಹಿಡಿದು ಬೀಜ ತರಿಸಿ.

ಅಂಡ ಬಿಡುಗಡೆಯಾದ ಹದಿನಾಲ್ಕರಿಂದ ಹದಿನಾರನೇ ದಿನದೊಳಗಿನ ಸ್ಕ್ಯಾನ್ ಕಡ್ಡಾಯ. ಅವಳಿ ಇದೆಯಾ ನೋಡಲು. ಕುದುರೆಯ ಮಾಸು ಗರ್ಭಕೋಶದ ಇಡೀ ಗೋಡೆಗೆ ಹರಡಿಕೊಂಡೇ ಮರಿಯನ್ನು ಪೋಷಿಸುತ್ತದೆ. ಇಬ್ಬರಿಗೆ ಅಲ್ಲಿ ಜಾಗ ಇಲ್ಲ. ಎರಡೂ ಉಳಿದರೆ ಸಾಮಾನ್ಯವಾಗಿ ಎರಡೂ ಹೋಗುತ್ತವೆ, ಕೆಲವೊಮ್ಮೆ ತಾಯಿಯೂ. ಈ ದಿನಗಳಲ್ಲಾದರೆ ಡಾಕ್ಟರ್ ಒಂದನ್ನು ಕೈಯಲ್ಲೇ ಒತ್ತಿ ತೆಗೆಯಬಹುದು. ತಡವಾದರೆ ಆಗುವುದಿಲ್ಲ.

ಗಬ್ಬದ ಐದು, ಏಳು, ಒಂಬತ್ತನೇ ತಿಂಗಳಲ್ಲಿ ಹರ್ಪಿಸ್ ಲಸಿಕೆ ಹಾಕಿಸಿ. ಈ ವೈರಸ್‌ನಿಂದ ಗಬ್ಬ ಕಳೆದುಕೊಂಡ ಲಾಯಗಳು ಇಲ್ಲಿ ಉಂಟು. ಮರಿಯ ತೂಕ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ ಬರುತ್ತದೆ, ಮೇವು ಹೆಚ್ಚಿಸಬೇಕಾದ್ದು ಆಗ. ಬರೀ ಓಟ್ಸ್ ಸುರಿದರೆ ಸಾಲದು. ತಾಯಿಯ ಹಾಲಿನಲ್ಲಿ ತಾಮ್ರ ತೀರಾ ಕಡಿಮೆ. ಮರಿ ಹೊಟ್ಟೆಯಲ್ಲಿದ್ದಾಗಲೇ ಅದನ್ನು ತನ್ನ ಈಲಿಯಲ್ಲಿ ಕೂಡಿಟ್ಟುಕೊಳ್ಳಬೇಕು. ಅದಕ್ಕೇ ಗಬ್ಬದ ಕುದುರೆಗೆ ಖನಿಜ ಮಿಶ್ರಣ ತಪ್ಪಿಸಬಾರದು.

ಮರಿ ಹಾಕುವ ರಾತ್ರಿ

ಕುದುರೆ ಬಹುತೇಕ ರಾತ್ರಿಯೇ ಮರಿ ಹಾಕುತ್ತದೆ. ಕೆಚ್ಚಲು ಕೆಲವು ವಾರ ಮೊದಲೇ ತುಂಬುತ್ತದೆ, ಬಾಲದ ಬುಡ ಸಡಿಲವಾಗುತ್ತದೆ, ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಂಡರೆ ಒಂದೆರಡು ದಿನದಲ್ಲಿ ಅಂತ ಅರ್ಥ. ಲಾಯಕ್ಕೆ ಕ್ಯಾಮೆರಾ ಹಾಕಿ. ನೆಲಕ್ಕೆ ಒಣಹುಲ್ಲನ್ನೇ ದಪ್ಪವಾಗಿ ಹರಡಿ, ಮರದ ಹೊಟ್ಟು ಬೇಡ. ಅದು ಒದ್ದೆ ಮರಿಯ ಮೂಗಿಗೆಲ್ಲಾ ಅಂಟುತ್ತದೆ.

ನೀರು ಒಡೆದ ಮೇಲೆ ಎಲ್ಲಾ ಬೇಗ ಬೇಗ ನಡೆಯುತ್ತದೆ. ಹಸುವಿನ ಹಾಗೆ ಗಂಟೆಗಟ್ಟಲೆ ಕಾಯುವ ಮಾತೇ ಇಲ್ಲ, ಅರ್ಧ ಗಂಟೆಯೊಳಗೆ ಮರಿ ಹೊರಗಿರಬೇಕು. ಮೊದಲು ಬಿಳಿ ಪೊರೆ ಕಾಣುತ್ತದೆ. ಒಳಗೆ ಎರಡು ಮುಂಗಾಲು, ಒಂದು ಸ್ವಲ್ಪ ಮುಂದೆ ಇನ್ನೊಂದು ಹಿಂದೆ, ಮೇಲೆ ಮೂಗು. ಹೀಗಿದ್ದರೆ ಕೈ ಕಟ್ಟಿಕೊಂಡು ನಿಲ್ಲಿ. ಬಿಳಿಯ ಬದಲು ಮಖಮಲ್ಲಿನಂಥ ಕೆಂಪು ಚೀಲ ಕಂಡರೆ ಒಂದು ಕ್ಷಣವೂ ಕಾಯಬೇಡಿ. ಮಾಸು ಮೊದಲೇ ಕಳಚಿಕೊಂಡಿದೆ, ಮರಿಗೆ ಉಸಿರು ಸಿಗುತ್ತಿಲ್ಲ. ಚೀಲ ಕತ್ತರಿಸಿ, ಮರಿಯನ್ನು ತಾಯಿ ತಿಣುಕುವ ಹೊತ್ತಿಗೆ ಸರಿಯಾಗಿ ಎಳೆಯಿರಿ, ಇನ್ನೊಬ್ಬರು ಡಾಕ್ಟರಿಗೆ ಫೋನ್ ಮಾಡಲಿ. ಕತ್ತರಿಯನ್ನು ಲಾಯದ ಬಾಗಿಲಲ್ಲೇ ನೇತುಹಾಕಿರಬೇಕು ಅಂತ ಅತ್ತೆ ಹಟ ಹಿಡಿಯುವುದು ಇದಕ್ಕೇ.

ಹೊಕ್ಕಳಬಳ್ಳಿ ಕತ್ತರಿಸಬೇಡಿ. ತಾಯಿ ಎದ್ದಾಗ ತಾನೇ ಹರಿಯುತ್ತದೆ. ಹರಿದ ಜಾಗವನ್ನು ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಅದ್ದಿ. ಆಮೇಲೆ ಗಡಿಯಾರ ನೋಡಿ: ಒಂದು ಗಂಟೆಯಲ್ಲಿ ಮರಿ ನಿಲ್ಲಬೇಕು, ಎರಡರಲ್ಲಿ ಹಾಲು ಕುಡಿಯಬೇಕು, ಮೂರರಲ್ಲಿ ಮಾಸು ಬೀಳಬೇಕು. ಮಾಸು ಬೀಳದಿದ್ದರೆ ಎಳೆಯಬೇಡಿ, ಕಾಲಿಗೆ ಸಿಗದಂತೆ ಮೇಲಕ್ಕೆ ಗಂಟು ಹಾಕಿ ಡಾಕ್ಟರನ್ನು ಕರೆಯಿರಿ. ಬಿದ್ದ ಮಾಸನ್ನು ನೆಲದ ಮೇಲೆ ಬಿಡಿಸಿ, ಪೂರ್ತಿ ಇದೆಯಾ ನೋಡಿ. ಒಂದು ಚೂರು ಒಳಗೆ ಉಳಿದರೂ ತಾಯಿಗೆ ಗೊರಸಿನ ಉರಿಯೂತ ಬಂದು ಕಾಲೇ ಹೋಗಬಹುದು.

ಗಿಣ್ಣು ಹಾಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿ ಹೊಟ್ಟೆಯಲ್ಲೇ ತಾಯಿಯಿಂದ ಬರುತ್ತದೆ. ಕುದುರೆ ಮರಿಗೆ ಬರುವುದಿಲ್ಲ. ಅದು ಗಿಣ್ಣಿನಲ್ಲೇ ಸಿಗಬೇಕು. ಮರಿಯ ಕರುಳು ಅದನ್ನು ಹೀರುವುದು ಮೊದಲ ಒಂದು ದಿನ ಮಾತ್ರ, ಗಂಟೆ ಕಳೆದಂತೆ ಅದೂ ಕಡಿಮೆ. ಗಿಣ್ಣಿನ ಸತ್ವ ಅಳೆಯುವ ಬ್ರಿಕ್ಸ್ ಮೀಟರ್ ಒಂದು ಕೊಂಡಿಟ್ಟುಕೊಳ್ಳಿ. ಗಿಣ್ಣಿನ ಒಂದು ಹನಿ ಹಾಕಿದಾಗ 23ಕ್ಕಿಂತ ಮೇಲೆ ತೋರಿಸಿದರೆ ಚೆನ್ನಾಗಿದೆ. ಒಳ್ಳೆ ಗಿಣ್ಣು ಇರುವ ಕುದುರೆಯಿಂದ, ಮರಿ ಹೊಟ್ಟೆ ತುಂಬ ಕುಡಿದ ಮೇಲೆ, ಕಾಲು ಲೀಟರ್ ಕರೆದು ಫ್ರೀಜರಿನಲ್ಲಿಡಿ. ಬೇಕಾದಾಗ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ. ಮೈಕ್ರೋವೇವ್‌ನಲ್ಲಿಟ್ಟರೆ ಅದರ ಸತ್ವ ಕೆಡುತ್ತದೆ. ಮಾರನೇ ದಿನ ಮರಿಯ ರಕ್ತದಲ್ಲಿ ಐಜಿಜಿ, ಅಂದರೆ ರೋಗ ತಡೆಯುವ ಪ್ರೋಟೀನ್, ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 800 ಮಿಲಿಗ್ರಾಂ ಮೇಲಿದ್ದರೆ ನೆಮ್ಮದಿ. 400ಕ್ಕಿಂತ ಕೆಳಗಿದ್ದರೆ ಪ್ಲಾಸ್ಮಾ ಕೊಡಿಸಬೇಕು. ಮರಿ ಚೆನ್ನಾಗಿಯೇ ಕುಣಿಯುತ್ತಿದೆ ಅಂತ ಈ ಪರೀಕ್ಷೆ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮರಿ ಹಾಕಿ ಏಳರಿಂದ ಹತ್ತು ದಿನಕ್ಕೆ ತಾಯಿ ಮತ್ತೆ ಬೆದೆಗೆ ಬರುತ್ತದೆ. ನಾವು ಆಗ ಬೀಜ ಹಾಕಿಸುವುದಿಲ್ಲ. ಗರ್ಭಕೋಶಕ್ಕೆ ಸುಧಾರಿಸಿಕೊಳ್ಳಲು ಹೊತ್ತು ಬೇಕು. ಮುಂದಿನ ಬೆದೆಗೆ ಕಾಯುತ್ತೇವೆ. ತೀರಾ ತಡವಾದರೆ ಆ ವರ್ಷ ಬಿಡುತ್ತೇವೆ.

ಹುಲ್ಲುಗಾವಲು ಮತ್ತು ಜೊತೆಗಾರರು

ಒಂದೇ ಮರಿಯನ್ನು ಒಂಟಿಯಾಗಿ ಬೆಳೆಸಬೇಡಿ. ಓಡುವುದು, ತಿರುಗುವುದು, ಒದೆ ತಪ್ಪಿಸಿಕೊಳ್ಳುವುದು ಎಲ್ಲವನ್ನೂ ಮರಿ ಮರಿಯಿಂದಲೇ ಕಲಿಯುತ್ತದೆ. ಆರು ತಿಂಗಳಿಗೆ ಹಾಲು ಬಿಡಿಸಿದ ಮೇಲೆ ನಮ್ಮ ಗಂಡು ಮರಿಗಳು ಪಕ್ಕದ ರೈತರ ಹಿಂಡಿಗೆ ಹೋಗುತ್ತವೆ, ಅವರ ಹೆಣ್ಣು ಮರಿಗಳು ನಮ್ಮಲ್ಲಿಗೆ ಬರುತ್ತವೆ. ದುಡ್ಡಿನ ವ್ಯವಹಾರವಿಲ್ಲ. ಚಿಕ್ಕವರಿಗೆ ಇದೇ ದಾರಿ.

ಬೆಳೆಯುವ ಮರಿಯನ್ನು ದುಂಡಗೆ ಮಾಡುವ ಚಪಲ ಬೇಡ. ಅತಿಯಾದ ಮೇವು ಕೀಲಿನ ಮೃದ್ವಸ್ಥಿ ಕೆಡಲು ಒಂದು ಕಾರಣ. ಅದು ಎರಡು ವರ್ಷದ ನಂತರ ಎಕ್ಸ್‌ರೇಯಲ್ಲಿ ಕಂಡು ಕುದುರೆಯ ಬೆಲೆ ಬೀಳುತ್ತದೆ. ಒಳ್ಳೆ ಒಣಹುಲ್ಲು, ಒಂದಿಷ್ಟು ಕುದುರೆ ಮಸಾಲೆ ಸೊಪ್ಪು (ಲೂಸರ್ನ್), ಖನಿಜ, ಓಡಾಡಲು ಜಾಗ. ಗೊರಸುಗಳನ್ನು ಮೊದಲ ವಾರಗಳಿಂದಲೇ ಎತ್ತಿ ಅಭ್ಯಾಸ ಮಾಡಿಸಿ, ಆರರಿಂದ ಎಂಟು ವಾರಕ್ಕೊಮ್ಮೆ ತಿದ್ದಿಸಿ. ದೊಡ್ಡ ಕುದುರೆಗಳಿಗೆ ಲದ್ದಿ ಪರೀಕ್ಷೆ ಮಾಡಿಸಿ, ಹುಳ ಇದ್ದರೆ ಮಾತ್ರ ಔಷಧ ಕೊಡಿ. ಸುಮ್ನೆ ಕೊಟ್ಟರೆ ಹುಳಗಳು ಔಷಧಕ್ಕೆ ಬಗ್ಗುವುದಿಲ್ಲ.

ಬೇಸಿಗೆಯಲ್ಲಿ ಹುಲ್ಲುಗಾವಲು ಸುತ್ತಿ ಹಳದಿ ಹೂವಿನ ರ‍್ಯಾಗ್‌ವರ್ಟ್ ಗಿಡ ಕೀಳುವುದು ನನ್ನ ಕೆಲಸ. ಹಸಿ ಗಿಡ ಕಹಿ, ಕುದುರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಣಹುಲ್ಲಿನಲ್ಲಿ ಸೇರಿದರೆ ಕಹಿ ಹೋಗುತ್ತದೆ, ವಿಷ ಉಳಿಯುತ್ತದೆ, ಈಲಿ ಕೆಡುತ್ತದೆ. ಕೈಗವಸು ಹಾಕಿಕೊಂಡು ಬೀಜ ಕಟ್ಟುವ ಮೊದಲೇ ಬೇರು ಸಮೇತ ಕಿತ್ತು ಹಾಕಿ.

ಮಾರುವುದು, ಉಳಿಸಿಕೊಳ್ಳುವುದು

ಬೇಸಿಗೆಯಲ್ಲಿ ತಳಿ ಸಂಘದವರು ಮರಿಯನ್ನು ದಾಖಲು ಮಾಡುತ್ತಾರೆ. ಚಿಪ್, ಪಾಸ್‌ಪೋರ್ಟ್ ಎರಡೂ ಆಗಬೇಕು. ಹಾನೋವರ್ ಮರಿಯ ಹೆಸರು ತಂದೆಯ ಹೆಸರಿನ ಮೊದಲ ಅಕ್ಷರದಿಂದಲೇ ಶುರುವಾಗಬೇಕು. ಫೆರ್ಡೆನ್ ಹರಾಜಿಗೆ ಆಯ್ಕೆಯಾದರೆ ಸಂತೋಷ, ಆದರೆ ಅದನ್ನೇ ನಂಬಿ ಸಾಲ ಮಾಡಬೇಡಿ. ಬೀಜದ ದುಡ್ಡು, ಡಾಕ್ಟರ್, ಮೇವು, ಗೊರಸು, ವಿಮೆ ಎಲ್ಲಾ ಒಂದೇ ಪುಸ್ತಕದಲ್ಲಿ ಮರಿಗೊಂದು ಪುಟದಂತೆ ಬರೆಯಿರಿ. ನಿಮ್ಮ ದುಡಿಮೆಗೂ ಬೆಲೆ ಹಾಕಿ. ಬಹಳಷ್ಟು ಗಂಡು ಮರಿಗಳನ್ನು ಹಾಲು ಬಿಡಿಸುವ ಹೊತ್ತಿಗೇ ಮಾರಿದರೆ ಒಳ್ಳೆಯದು, ಮೂರು ವರ್ಷ ಸಾಕಿ ಮಾರಿದಾಗ ಸಿಗುವ ಹೆಚ್ಚಿನ ಬೆಲೆಯನ್ನು ಆ ಮೂರು ವರ್ಷದ ಖರ್ಚೇ ತಿಂದುಬಿಡುತ್ತದೆ. ನಮ್ಮಲ್ಲಿ ಕೈ ಹಿಡಿಯುವುದು ಒಣಹುಲ್ಲಿನ ಮಾರಾಟ ಮತ್ತು ಬೇರೆಯವರ ಎಳೆ ಕುದುರೆಗಳನ್ನು ತಿಂಗಳ ಲೆಕ್ಕದಲ್ಲಿ ಇಟ್ಟುಕೊಳ್ಳುವುದು.

ನಿಮ್ಮ ಅತ್ಯುತ್ತಮ ತಾಯಿಗೆ ಹೆಣ್ಣು ಮರಿ ಹುಟ್ಟಿದರೆ ಮಾತ್ರ ಕೊಳ್ಳುವವರಿಗೆ ತೋರಿಸಲೂ ಬೇಡಿ. ಮೂರು ವರ್ಷಕ್ಕೆ ಅದನ್ನು ತಳಿ ಪುಸ್ತಕಕ್ಕೆ ಸೇರಿಸಿ, ಸಾಮರ್ಥ್ಯ ಪರೀಕ್ಷೆಗೆ ಕರೆದುಕೊಂಡು ಹೋಗಿ. ನಡಿಗೆ, ಓಟ, ಸವಾರನಿಲ್ಲದೆ ಹಾರುವುದು, ಸವಾರನ ಮಾತು ಕೇಳುವುದು, ಎಲ್ಲಕ್ಕೂ ಹತ್ತರಲ್ಲಿ ಅಂಕ ಕೊಡುತ್ತಾರೆ. ಹೊರಗಿನ ಸವಾರರೂ ಹತ್ತಿ ನೋಡುತ್ತಾರೆ. ಆ ಅಂಕಪಟ್ಟಿಯನ್ನು ತಾಯಿಯದರ ಪಕ್ಕ ಇಟ್ಟು ನೋಡಿ, ಎಲ್ಲಿ ಕಡಿಮೆಯಾಗಿದೆಯೋ ಅದನ್ನು ಗುರುತು ಹಾಕಿಕೊಳ್ಳಿ. ಅವಳಿಗೆ ಮೊದಲ ಗಂಡು ಆರಿಸುವಾಗ ಬೇಕಾಗುವುದು ಅದೇ.