ಪ್ರಾಣಿಯ ಹೆಸರು ಹಿಂದೆ, ಕೆಲಸದ ಹೆಸರು ಮುಂದೆ: ನಮ್ಮ ಕಾರ್ಡು ಪೆಟ್ಟಿಗೆಯ ಅನುಭವ

ಬಯೋಮಿಮಿಕ್ರಿ ಎಂದರೆ ಜೀವಿಗಳ ತಂತ್ರ ನೋಡಿ ನಮ್ಮ ಕೆಲಸಕ್ಕೆ ಬಳಸುವುದು. ಅದನ್ನು ಮಾಡುವ ತಂಡಗಳಲ್ಲಿ ಓದುವವರಿಗೇನೂ ಕಡಿಮೆ ಇಲ್ಲ. ಓದಿದ್ದು ಬೇಕಾದ ಹೊತ್ತಿಗೆ ಕೈಗೆ ಸಿಗದಿರುವುದೇ ರೋಗ. ಬಳ್ಳಾರಿಯ ನಮ್ಮ ಎಂಟು ಜನರ ತಂಡದಲ್ಲಿ ಮೂರು ವ್ಯವಸ್ಥೆಗಳು ಕೆಟ್ಟು ನಾಲ್ಕನೆಯದು ನಿಂತಿತು. ಅದು ಹಾಳೆಯ ಕಾರ್ಡು. ಕಾರ್ಡಿನ ಕಾಲ ಮುಗಿಯಿತೆಂದು ರಾಯಚೂರಿನ ಗೆಳೆಯರೂ ಬೆಂಗಳೂರಿನ ಗೆಳೆಯರೂ ಒಂದೇ ದನಿಯಲ್ಲಿ ಹೇಳಿದ್ದರು. ಎರಡು ವರ್ಷದಿಂದ ಅದೇ ನಡೆದಿದೆ, ಈಗ ಕೊಪ್ಪಳದವರೂ ಒಂದು ಪ್ರತಿ ಒಯ್ದಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲನೆಯದು ಎಲ್ಲರೂ ಮಾಡುವಂಥದ್ದೇ: ವಾಟ್ಸ್‌ಆಪ್ ಗುಂಪು, ಜೊತೆಗೊಂದು ಡ್ರೈವ್ ಫೋಲ್ಡರ್. ಒಳಗೆ ಗೆದ್ದಲು, ಕಮಲ, ಮಿಂಚುಳ್ಳಿ, ಒಂಟೆ ಎಂದು ಜೀವಿಗೊಂದು ಫೋಲ್ಡರ್. ಮುನ್ನೂರಕ್ಕೂ ಹೆಚ್ಚು ಪಿಡಿಎಫ್ ಸೇರಿದವು, ತೆರೆದು ಓದಿದ್ದು ಮೂವತ್ತೂ ಇರಲಿಕ್ಕಿಲ್ಲ. ಜೀವಶಾಸ್ತ್ರ ಓದಿದವರು ಜಾತಿಯ ಹೆಸರು ಹಿಡಿದು ಹುಡುಕುತ್ತಾರೆ. ಕಟ್ಟುವವರಿಗೆ ಬೇಕಾದದ್ದು 'ಈ ಶೆಡ್ಡಿನಲ್ಲಿ ಗಾಳಿ ಆಡಬೇಕು' ಎಂಬ ಕೆಲಸ. ಆ ಕೆಲಸ ಯಾವ ಫೋಲ್ಡರಿನಲ್ಲಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಎರಡನೆಯದು ಆಸ್ಕ್‌ನೇಚರ್‌ನಿಂದ ಸಾರಾಂಶ ತೆಗೆದು ಶೀಟಿಗೆ ತುಂಬಿದ್ದು. ಜೀವಿಗಳ ತಂತ್ರಗಳನ್ನು ವಿವರಿಸುವ, 2008ರಲ್ಲಿ ಶುರುವಾದ ಆ ಜಾಲತಾಣವನ್ನು ನಾವು ಇಂದಿಗೂ ದಿನಾ ನೋಡುತ್ತೇವೆ. ಹೊಸಬರಿಗೆ ಮೊದಲ ಬಾಗಿಲಾಗಿ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಸಾರಾಂಶದ ಮೇಲೆ ಸಾರಾಂಶ ಬರೆದರೆ ಷರತ್ತುಗಳು ಉದುರಿಹೋಗುತ್ತವೆ. ಜಿಂಬಾಬ್ವೆಯ ಹರಾರೆಯ ಈಸ್ಟ್‌ಗೇಟ್ ಕಟ್ಟಡವನ್ನೇ ನೋಡಿ. ಗೆದ್ದಲ ಹುತ್ತದ ತಂಪನ್ನು ಮಾದರಿಯಾಗಿಟ್ಟು ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ರೂಪಿಸಿದ್ದು, 1996ರಲ್ಲಿ ತೆರೆಯಿತು, ಕಟ್ಟಡ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದಕ್ಕೆ ಆಧಾರವಾದ ಹುತ್ತದ ಹಳೆಯ ವಿವರಣೆಯನ್ನು ಮಾತ್ರ 2008ರಲ್ಲಿ ಸಂಶೋಧಕರಾದ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ಪ್ರಶ್ನಿಸಿದರು. ಗೂಡನ್ನು ತಂಪಾಗಿಡುವುದಕ್ಕಿಂತ ಶ್ವಾಸಕೋಶದಂತೆ ಅನಿಲ ಬದಲಾಯಿಸುವುದೇ ಹುತ್ತದ ಕೆಲಸ ಎಂಬುದು ಅವರ ವಾದ. ನಮ್ಮ ಶೀಟಿನಲ್ಲಿ 'ಗೆದ್ದಲು: ತಂಪು' ಎಂದಷ್ಟೇ ಇತ್ತು.

ಮೂರನೆಯದು ರೊಕ್ಕ ತಿಂದಿತು. ಚಂದಾ ಕಟ್ಟುವ ಒಂದು ಸಾಫ್ಟ್‌ವೇರ್, ವರ್ಷಕ್ಕೆ ಹೆಚ್ಚುಕಡಿಮೆ 38 ಸಾವಿರ. ಅದರ ಒಳಗೆ ನಾವೇ ಮಾಡಿಕೊಂಡ 23 ಕಾಲಮ್ಮುಗಳ ನಮೂನೆ. ಐಐಎಸ್‌ಸಿಯಲ್ಲಿ ಅಮರೇಶ್ ಚಕ್ರಬರ್ತಿಯವರ ಗುಂಪು ರೂಪಿಸಿದ, ಒಂದು ವಸ್ತು ಕೆಲಸ ಮಾಡುವ ಬಗೆಯನ್ನು ಬಿಡಿಸಿ ಹೇಳುವ ಸ್ಯಾಫೈರ್ ಮಾದರಿಯ ಏಳು ಪದರಗಳನ್ನೂ ಪ್ರತಿ ಜೀವಿಗೂ ತುಂಬಲು ಹೊರಟೆವು. ಮಾದರಿಯಲ್ಲಿ ದೋಷವಿಲ್ಲ, ಅವಸರ ನಮ್ಮದು. ಒಂದು ಜೀವಿಗೆ ಮೂರು ತಾಸು ಹಿಡಿಯಿತು. ನಲವತ್ತನೆಯದರ ಹೊತ್ತಿಗೆ ತುಂಬುವವರೇ ಉಳಿಯಲಿಲ್ಲ. ಈಗ ಏಳೂ ಪದರ ಬಿಡಿಸುವುದು ಮಾದರಿ ಕಟ್ಟುವ ಹಂತಕ್ಕೆ ಬಂದ ಕಾರ್ಡಿಗೆ ಮಾತ್ರ.

ಇನ್ನು ನಿಂತದ್ದರ ವಿಷಯ. 5×8 ಇಂಚು, 300 ಜಿಎಸ್‌ಎಂ. ಪ್ರೆಸ್ಸಿನಲ್ಲಿ ಕತ್ತರಿಸಿ ಒಂದಕ್ಕೆ ಮೂರು ರೂಪಾಯಿ ಬಿತ್ತು. ಮುಂದಿನ ಬದಿಯಲ್ಲಿ ಮೇಲೆ ಒಂದೇ ಕ್ರಿಯಾಪದ, ಕೆಳಗೆ ಪೆನ್ಸಿಲ್ ಚಿತ್ರ, ಅದರ ಕೆಳಗೆ ಎರಡು ವಾಕ್ಯದಲ್ಲಿ ಅದು ನಡೆಯುವ ಬಗೆ. ಈ ಬದಿಯಲ್ಲಿ ಜೀವಿಯ ಹೆಸರಾಗಲಿ ಚಿತ್ರವಾಗಲಿ ಇರಕೂಡದು. ರೆಕ್ಕೆ ಎಂದು ಬರೆಯುವ ಹಾಗಿಲ್ಲ, 'ತೆಳು ಬಾಗುವ ಹಾಳೆ' ಎನ್ನಬೇಕು. ಹೆಸರು ಕಂಡ ಕೂಡಲೇ ಕಟ್ಟುವವರು ಆ ಪ್ರಾಣಿಯ ಆಕಾರವನ್ನೇ ನಕಲು ಮಾಡಲು ಕೂರುತ್ತಾರೆ, ತತ್ವ ಕೈತಪ್ಪುತ್ತದೆ. ಹಿಂಬದಿಯಲ್ಲಿ ಜೀವಿ, ವೈಜ್ಞಾನಿಕ ಹೆಸರು, ಅಳತೆಯ ಮಟ್ಟ, ಷರತ್ತು, ಆಕರದ ಸಂಖ್ಯೆ ಮತ್ತು ಒಂದು ಬಣ್ಣದ ಚುಕ್ಕೆ.

ಇಡೀ ಪೆಟ್ಟಿಗೆಯ ಜೀವ ಆ ಚುಕ್ಕೆಯಲ್ಲಿದೆ. ಹಸಿರು ಎಂದರೆ ಯಾರೋ ಅಳೆದದ್ದು. ಹಳದಿ ಎಂದರೆ ಲೆಕ್ಕ ಅಥವಾ ಕಂಪ್ಯೂಟರ್ ಮಾದರಿ. ಕೆಂಪು ಎಂದರೆ ಊಹೆ. ಚುಕ್ಕೆ ಇಲ್ಲದ ಕಾಲದಲ್ಲಿ ಮಂಜಿನಿಂದ ನೀರು ಹಿಡಿಯುವ ನಮೀಬ್ ಮರುಭೂಮಿಯ ಜೀರುಂಡೆಯ ಬೆನ್ನಿನ ಉಬ್ಬುಗಳನ್ನು ನಂಬಿ ನೀರು ಹಿಡಿಯುವ ಫಲಕ ಮಾಡಿಸಿದೆವು. ಕೆತ್ತನೆ, ಲೇಪ, ಚೌಕಟ್ಟು ಎಲ್ಲ ಸೇರಿ 45 ಸಾವಿರದ ಆಸುಪಾಸು ಹೋಯಿತು. ನಮ್ಮ ಕೈಲಿದ್ದದ್ದು ನೀರು ಹಿಡಿಯುವುದು ಆ ಉಬ್ಬುಗಳೇ ಎಂದ 2001ರ ಪ್ರಸಿದ್ಧ ಬರಹ ಒಂದೇ. 2010ರಲ್ಲಿ ನಾಲ್ಕು ಜಾತಿಗಳನ್ನು ಹೋಲಿಸಿದಾಗ ಬೆನ್ನಿನ ರಚನೆ ಬೇರೆಯಾದರೂ ಹಿಡಿದ ನೀರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ತಲೆ ಕೆಳಗೆ ಮಾಡಿ ಮಂಜಿಗೆ ಮೈಯೊಡ್ಡುವ ವರ್ತನೆಯೇ ಮುಖ್ಯವೆಂದು ತೋರಿತು. ಅದನ್ನು ನಾವು ಓದಿದ್ದು ಫಲಕ ಒಣಗಿಯೇ ಉಳಿದ ಮೇಲೆ. ಅಂದಿನಿಂದ ಒಂದು ಕಟ್ಟುನಿಟ್ಟು: ಕೆಂಪು ಚುಕ್ಕೆಯ ಕಾರ್ಡಿಗೆ 2 ಸಾವಿರಕ್ಕಿಂತ ಹೆಚ್ಚು ಖರ್ಚಿಲ್ಲ. ಪ್ರಸಿದ್ಧ ಬರಹ ಸಿಕ್ಕರೆ ಅದನ್ನು ಉಲ್ಲೇಖಿಸಿದ ಇತ್ತೀಚಿನ ಮೂರು ಬರಹ ನೋಡದೆ ಚುಕ್ಕೆ ಹಚ್ಚುವುದಿಲ್ಲ.

ಅಳತೆಯ ಮಟ್ಟ ಬರೆಯದಿದ್ದರೂ ಇಷ್ಟೇ ನಷ್ಟ. ನೀರಿನ ಮೇಲ್ಮೈ ಎಳೆತ ಆಟ ಆಡಿಸುವುದು ಸುಮಾರು 2.7 ಮಿಲಿಮೀಟರಿನವರೆಗೆ, ಅದರಾಚೆ ಭಾರದ್ದೇ ಮೇಲುಗೈ. ಹನಿಯ ತಂತ್ರವನ್ನು ಮಾಡಿನ ಅಳತೆಗೆ ಹಿಗ್ಗಿಸಿದರೆ ಉಳಿಯುವುದು ಬರೀ ಗೀರುಬಿದ್ದ ತಗಡು.

ಕ್ರಿಯಾಪದಗಳ ಪಟ್ಟಿ 110ರಿಂದ ಶುರುವಾಗಿ ಈಗ 42ಕ್ಕೆ ಇಳಿದಿದೆ. 'ತಂಪು' ಎಂಬ ಪದವನ್ನು ಮೊದಲು ಹೊರಗೆ ಹಾಕಿದೆವು. ಬಿಸಿ ತಡೆ, ಬಿಸಿ ಹೊರಹಾಕು, ಬಿಸಿ ಕೂಡಿಡು: ಮೂರೂ ಬೇರೆ ಕೆಲಸ. ನೀರಿಗೆ ಹೀರು, ಜಾರಿಸು, ಹಿಡಿದಿಡು, ಸಾಗಿಸು. ಪದಗಳು ಕನ್ನಡದಲ್ಲೇ ಇರಲಿ ಎಂದು ಹಟ ಹಿಡಿದದ್ದು ಫಲ ಕೊಟ್ಟಿತು. ಗಾರೆ ಕೆಲಸದವರು, ವೆಲ್ಡಿಂಗ್‌ನವರು ತಾವೇ ಪೆಟ್ಟಿಗೆ ತೆರೆದು ಹುಡುಕತೊಡಗಿದರು. ಪೂರ್ತಿ 42 ಪದಗಳನ್ನು ಇಲ್ಲಿ ಕೊಡುವುದಿಲ್ಲ, ಅದು ಎರಡು ವರ್ಷದ ದುಡಿಮೆ. ನಿಮ್ಮ ಹಳೆಯ ಕೆಲಸಗಳ ಟಿಪ್ಪಣಿಯಿಂದ ನೀವೇ ಹೆಕ್ಕಿಕೊಂಡರೆ ನಿಮಗೆ ಹೊಂದುವ ಪಟ್ಟಿ ಸಿಗುತ್ತದೆ.

ಕಾರ್ಡು ಬರೆಯುವುದು ಇಬ್ಬರು. ಜೀವಶಾಸ್ತ್ರದವರು ಮೂಲ ಬರಹ ಓದಿ ಬಾಯಲ್ಲಿ ಹೇಳಬೇಕು, ಕಟ್ಟುವವರು ಬರೆಯಬೇಕು. ಬರೆದದ್ದನ್ನು ಜೀವಿಯ ಹೆಸರೆತ್ತದೆ ಮೂರನೆಯವರಿಗೆ ವಿವರಿಸಲು ಆಗದಿದ್ದರೆ ಕಾರ್ಡು ವಾಪಸ್. 50 ನಿಮಿಷದಲ್ಲಿ ಆಗದ್ದು 'ಕಾಯುವ' ಡಬ್ಬಿಗೆ. ಮೊದಲು ಓದಿದವರೇ ಬರೆಯುತ್ತಿದ್ದರು, ವಾಕ್ಯ ಉದ್ದವಾಗುತ್ತಿತ್ತು, ಯಾರೂ ಓದುತ್ತಿರಲಿಲ್ಲ. ಹೊರಗಿನ ಉಪನ್ಯಾಸಕರೊಬ್ಬರಿಗೆ ಕೂತ ಸಲಕ್ಕೆ 600 ರೂಪಾಯಿ ಕೊಡುತ್ತೇವೆ. ನಮ್ಮ ಲೆಕ್ಕದಲ್ಲಿ ಇಷ್ಟು ಸಾರ್ಥಕವಾಗಿ ಹೋದ ದುಡ್ಡು ಬೇರೆ ಇಲ್ಲ.

ವೈಜ್ಞಾನಿಕ ಹೆಸರಿನಲ್ಲಿ ಸೋಮಾರಿತನ ಬೇಡ. ನಮ್ಮ ಕಡೆ ಜಾಲಿ ಅಂದರೆ ಬಳ್ಳಾರಿ ಜಾಲಿಯೂ ಆಗಬಹುದು, ಕರಿಜಾಲಿಯೂ ಆಗಬಹುದು. ಮೊದಲನೆಯದು ಪ್ರೊಸೊಪಿಸ್ ಜೂಲಿಫ್ಲೋರಾ, ಎರಡನೆಯದು ವಾಚೆಲಿಯಾ ನಿಲೋಟಿಕಾ. ಎರಡರ ಬೇರಿನ ಮಾಹಿತಿ ಒಂದೇ ಕಾರ್ಡಿನಲ್ಲಿ ಬೆರೆತು ತಿಂಗಳು ಕಳೆದ ಮೇಲೆ ಸಿಕ್ಕಿಬಿತ್ತು. ಹಳೆಯ ಹೆಸರನ್ನೂ ಬರೆದಿಡಿ. ಕರಿಜಾಲಿಯನ್ನು ಅಕೇಶಿಯಾ ಎಂದು ಹುಡುಕದಿದ್ದರೆ ಅರ್ಧ ಸಾಹಿತ್ಯ ಕಾಣುವುದೇ ಇಲ್ಲ.

ಕಂಪ್ಯೂಟರನ್ನು ಬಿಟ್ಟಿಲ್ಲ. ಕಾರ್ಡಿಗೆ 'ಹರಿ-017' ಎಂಬಂಥ ಸಂಖ್ಯೆ. ಅದೇ ಆಕರಗಳನ್ನು ಜೋಡಿಸಿಡುವ ಸಾಫ್ಟ್‌ವೇರ್ ಝೊಟೆರೊದ ಟ್ಯಾಗು, ಅದೇ ಪಿಡಿಎಫ್‌ನ ಹೆಸರು. ಉಚಿತ ಖಾತೆಯ 300 ಎಂಬಿ ಬೇಗ ತುಂಬುತ್ತದೆ. ಫೈಲಿಗೆ ಕೊಂಡಿ ಮಾತ್ರ ಹಾಕಿ ಜಾಗ ಉಳಿಸುವ ದಾರಿ ಸ್ವಂತ ಲೈಬ್ರರಿಯಲ್ಲಿದೆ, ಗುಂಪಿನ ಲೈಬ್ರರಿಯಲ್ಲಿಲ್ಲ. ಇದು ತಿಳಿಯದೆ ಒಂದು ವಾರ ಹೋಯಿತು. ಈಗ ಗುಂಪಿನಲ್ಲಿ ಬರೀ ವಿವರ, ಪಿಡಿಎಫ್‌ಗಳು ಕಚೇರಿಯ ಹಾರ್ಡ್‌ಡಿಸ್ಕಿನಲ್ಲಿ.

ನಡುವೆ ಗಂಗಾವತಿಯ ಗದ್ದೆಯ ಭತ್ತದ ಎಲೆ ತಂದು ಸಿರಿಂಜಿನಿಂದ ಹನಿ ಬಿಟ್ಟು ನೋಡಿದೆವು. ಎಲೆಯ ಉದ್ದಕ್ಕೆ ಹನಿ ಸಲೀಸಾಗಿ ಜಾರುತ್ತದೆ, ಅಡ್ಡಕ್ಕೆ ತಡೆಯುತ್ತದೆ, ಪುಸ್ತಕದಲ್ಲಿ ಇದ್ದ ಹಾಗೇ. ಅದೇ ಎಲೆಗೆ ಸಂಡೂರು ರಸ್ತೆಯ ಕೆಂಪು ಧೂಳು ಉದುರಿಸಿದಾಗ ಹೊಸ ಪಾಠ ಸಿಕ್ಕಿತು. ಹನಿ ಉರುಳಿದರೆ ಮಾತ್ರ ಎಲೆ ಚೊಕ್ಕಟ. ತಿಂಗಳುಗಟ್ಟಲೆ ಮಳೆ ಇಲ್ಲದ ಊರಿನಲ್ಲಿ ಕಮಲದೆಲೆಯನ್ನು ನೋಡಿ ಮಾಡಿದ ಲೇಪವೂ ಧೂಳು ಹೊತ್ತೇ ಕೂರುತ್ತದೆ. 'ಜಾರಿಸು' ಗುಂಪಿನ ಕಾರ್ಡುಗಳಿಗೆಲ್ಲ 'ನೀರು ಬೇಕು' ಎಂಬ ಷರತ್ತು ಬಂದದ್ದು ಹೀಗೆ.

ಪೆಟ್ಟಿಗೆ ದುಡಿದು ತೋರಿಸಿದ್ದು ಕೊಪ್ಪಳ ಕಡೆಯ ಈರುಳ್ಳಿ ಶೆಡ್ಡಿನಲ್ಲಿ. ಕರೆಂಟಿಲ್ಲದೆ ಗಾಳಿ ಆಡಬೇಕಿತ್ತು. ಹಿಂದೆ ಇಂಥದ್ದಕ್ಕೆ ಎರಡು ದಿನ ಹುಡುಕುತ್ತಿದ್ದೆವು, ಈ ಸಲ ಹತ್ತು ನಿಮಿಷದಲ್ಲಿ ಮೂರು ಕಾರ್ಡು ಮೇಜಿನ ಮೇಲೆ. ಹಸಿರು ಚುಕ್ಕೆಯದು ನಮ್ಮದೇ ದೇಶದ ಹುತ್ತದ್ದು, ಒಡೊಂಟೊಟರ್ಮಿಸ್ ಒಬೇಸಸ್. 2015ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಹಗಲು ಹೊರಗಿನ ತೆಳು ಏಣುಗಳು ಬೇಗ ಕಾಯ್ದು ಗಾಳಿ ಅಲ್ಲಿ ಮೇಲೇರುತ್ತದೆ, ನಡುವಿನಲ್ಲಿ ಇಳಿಯುತ್ತದೆ. ರಾತ್ರಿ ಇದು ತಿರುಗುಮುರುಗು. ಕಾರ್ಡಿನಲ್ಲಿ ಇದ್ದದ್ದು: 'ಗಾಳಿ ತಿರುಗಿಸು. ಹೊರಗೆ ತೆಳು, ಒಳಗೆ ದಪ್ಪ, ಹಗಲು ರಾತ್ರಿಯ ಬಿಸಿಯ ಅಂತರವೇ ಎಂಜಿನ್.' ಹೊರಗೆ ತಗಡಿನ ಆರು ಕೊಳವೆ, ನಡುವೆ ದಪ್ಪ ಮಣ್ಣಿನ ಇಟ್ಟಿಗೆಯ ಗೂಡು ಕಟ್ಟಿ, ಬಿಸಿ ಅಳೆಯುವ ಹನ್ನೆರಡು ಡಿಎಸ್18ಬಿ20 ಸೆನ್ಸರ್ ಕೂರಿಸಿದೆವು. ಗಾಳಿಯ ದಿಕ್ಕಿಗೆ ಊದುಬತ್ತಿಯ ಹೊಗೆ ಸಾಕಾಯಿತು. ಬೇಸಿಗೆಯಲ್ಲಿ ಹೊಗೆ ದಿನಕ್ಕೆ ಎರಡು ಸಲ ದಿಕ್ಕು ಬದಲಿಸಿತು. ಒಂದು ಹಂಗಾಮಿನಲ್ಲಿ ಕೊಳೆತದ್ದು ಕ್ವಿಂಟಲಿಗೆ 30 ಕಿಲೋದಿಂದ 18ರ ಸುಮಾರಿಗೆ ಇಳಿಯಿತು. ಮೋಡ ಕವಿದ ಶ್ರಾವಣದಲ್ಲಿ ಅಂತರ ಸಾಲದೆ ಗಾಳಿ ನಿಂತಿತು. ಆ ಷರತ್ತೂ ಈಗ ಕಾರ್ಡಿನ ಹಿಂಬದಿಯಲ್ಲಿದೆ. ಮೂರು ಕಾರ್ಡುಗಳನ್ನು ಯಾವ ಕ್ರಮದಲ್ಲಿ ಹರಡಿ ಯಾವ ಪ್ರಶ್ನೆ ಕೇಳುತ್ತೇವೆ ಎಂಬುದು ಸದ್ಯ ನಮ್ಮಲ್ಲೇ ಇರಲಿ.

ಕಾರ್ಡು, ಪೆಟ್ಟಿಗೆ, ಚುಕ್ಕೆ, ಪೆನ್ಸಿಲ್ ಸೇರಿ ಆರೂವರೆ ಸಾವಿರ ದಾಟಿಲ್ಲ. ಇಂಕಿನ ಪೆನ್ನು ಬೇಡ, ಬೆವರಿನ ಕೈಗೆ ಚಿತ್ರ ಅಳಿಸುತ್ತದೆ. ಶನಿವಾರ 40 ನಿಮಿಷ ಹೊಸ ಕಾರ್ಡುಗಳ ಓದು, ಒಂದು ಸಲಕ್ಕೆ ಆರಕ್ಕಿಂತ ಹೆಚ್ಚು ಬೇಡ. ಆರು ತಿಂಗಳು ಯಾರೂ ಎತ್ತದ ಕಾರ್ಡು ಕೆಳಗಿನ ಖಾನೆಗೆ. ಕೊಪ್ಪಳದವರ ಪ್ರತಿಯಲ್ಲಿ ಹೊಸ ಕಾರ್ಡುಗಳು ಹುಟ್ಟಿ ನಮ್ಮ ಸಂಖ್ಯೆಗಳೊಂದಿಗೆ ಡಿಕ್ಕಿ ಹೊಡೆದವು. ಈಗ ಅವರದು 'ಕೊ', ನಮ್ಮದು 'ಬ' ಎಂದು ಮುಂದೆ ಅಕ್ಷರ ಹಚ್ಚಿದ್ದೇವೆ. ಹಳೆಯ ಇನ್ನೂರು ಚಿಲ್ಲರೆ ಕಾರ್ಡುಗಳಿಗೆ ಆ ಅಕ್ಷರ ಬರೆಯುವುದು ಅರ್ಧಕ್ಕೆ ಬಂದಿದೆ.